ಹಿಡಿ ಮಣ್ಣಿನ ಲೆಕ್ಕ

ಏಪ್ರಿಲ್ ಒಂಬತ್ತು, ಬೆಳಗ್ಗೆ ಆರೂ ಇಪ್ಪತ್ತು. ಬಲಗೈ ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿದೆ. ತೊಳೆದುಕೊಂಡೇ ಬರೆಯಲು ಕೂರಬಹುದಿತ್ತು. ಆದರೆ ಆ ಹಸಿ ವಾಸನೆಗೆ ಚನ್ನರಾಯಪಟ್ಟಣದ ದೊಡ್ಡಮ್ಮ ನೆನಪಾದರು.

ತಾರೀಖು, ಗಂಟೆ ಬರೆದಿಡುವ ಚಟ ನನಗೆ ಮೊದಲಿನಿಂದಲೂ ಇದೆ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತೆಂದು ಯಾರೂ ಕೇಳದಿದ್ದರೂ ಹೇಳಬಲ್ಲೆ. ಡಿಗ್ರಿ ಮುಗಿದ ಬೇಸಿಗೆಯಲ್ಲಿ ದೊಡ್ಡಮ್ಮನ ಹಿಪ್ಪುನೇರಳೆ ತೋಟಕ್ಕೆ ಹೋದಾಗಲೂ ನೋಟ್‌ಬುಕ್ ತೆರೆದೆ: ಮೋಟರ್ ಆನ್, ಮೋಟರ್ ಆಫ್. ನಮ್ಮ ಕಡೆ ಎಲ್ಲರ ಸ್ಟಾರ್ಟರೂ ಆಟೋದಲ್ಲೇ ಇರುತ್ತದೆ. ತ್ರೀ ಫೇಸ್ ಕರೆಂಟ್ ಬಂದರೆ ಮೋಟರ್ ತಾನೇ ಓಡುತ್ತದೆ, ಕರೆಂಟ್ ಹೋಗುವವರೆಗೂ ನಿಲ್ಲುವುದಿಲ್ಲ. ಹತ್ತು ದಿನದ ಲೆಕ್ಕವನ್ನು ಹೆಮ್ಮೆಯಿಂದ ಓದಿದೆ.

"ಮೋಟ್ರು ಎಷ್ಟೊತ್ತು ಓಡ್ತು ಅಂತ ಬರ್ದಿದ್ಯ," ಎಂದರು ದೊಡ್ಡಮ್ಮ. "ಗಿಡ ಎಷ್ಟು ಕುಡೀತು ಅಂತ ಎಲ್ಲವ್ವಾ ಬರ್ದಿದ್ಯ?"

ಗಿಡದ ಬುಡದಲ್ಲಿ ಗೇಣಾಳ ಅಗೆದು, ಒಂದು ಹಿಡಿ ಮಣ್ಣು ತೆಗೆದು ಹಿಚುಕಿದರು. ರಾಗಿಮುದ್ದೆಯ ಹಾಗೆ ಉಂಡೆ ಕಟ್ಟಿತು. "ಇವತ್ತು ನೀರು ಬೇಡ," ಎಂದು ಸ್ಟಾರ್ಟರ್ ಆಫ್ ಮಾಡಿದರು. ಬೋರ್‌ವೆಲ್ ಮುಂದಿನ ಬೇಸಿಗೆಗೂ ಉಳಿಯಬೇಕೆಂದರೆ ಯಾವಾಗ ನೀರೆತ್ತಬೇಕು ಎನ್ನುವುದಕ್ಕೆ ಅವರಿಗಿದ್ದ ಅಳತೆ ಅಷ್ಟೇ.

ಪಕ್ಕದ ತೋಟದವರು ಬದುವಿನಿಂದಲೇ ಕೂಗಿದರು: "ಏನಕ್ಕಾ, ಕರೆಂಟ್ ಬಂದೈತೆ, ಮೋಟ್ರು ಮಲಗಿಸ್ಬಿಟ್ಯಾ?"

"ಮಲಗ್ಲಿ ಬಿಡಪ್ಪ. ನಿನ್ ಮೋಟ್ರಿಗೆ ರಜಾ ಯಾವಾಗ?"

ನನಗೆ ನಗು ಬರಲಿಲ್ಲ. ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ಇನ್ನೊಂದು ವಾರ ಬಿಡದೆ ತಿನ್ನುತ್ತವೆ. ಸೊಪ್ಪು ಬಾಡಿದರೆ ಬೆಳೆಯೇ ಹೋಯಿತು. ಮರುದಿನ ದೊಡ್ಡಮ್ಮ ಡೇರಿಗೆ ಹಾಲು ಹಾಕಲು ಹೋದಾಗ ಸ್ಟಾರ್ಟರನ್ನು ಕದ್ದು ಆಟೋಗೆ ತಿರುಗಿಸಿದೆ.

ಮಧ್ಯಾಹ್ನದ ಹೊತ್ತಿಗೆ ಪೈಪು ಗಾಳಿ ಉಗುಳಿತು, ಆಮೇಲೆ ಕೆಸರು, ಆಮೇಲೆ ಏನೂ ಇಲ್ಲ. ಆನ್ ಮಾಡಿದ ಗಂಟೆಯನ್ನು ನಾನೇ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ನೀವೇ ಹೇಳಿ, ಇನ್ನು ಸುಳ್ಳು ಹೇಳುವುದೆಲ್ಲಿಂದ?

ದೊಡ್ಡಮ್ಮ ಬೈಯಲಿಲ್ಲ. "ಎರಡು ದಿನ ಬಿಡು, ನೀರು ಊರುತ್ತೆ," ಎಂದರಷ್ಟೇ. ಬೈಯದಿದ್ದುದಕ್ಕೆ ಇಂದಿಗೂ ಋಣಿ. ಮೂರನೆಯ ದಿನ ಮಣ್ಣು ಬೆರಳ ಸಂದಿಯಿಂದ ಪುಡಿಯಾಗಿ ಉದುರಿತು. "ಈಗ ಹಾಕು," ಎಂದು ನನ್ನ ಕೈಯಿಂದಲೇ ಗುಂಡಿ ಒತ್ತಿಸಿದರು. ಎರಡು ಗಂಟೆ ನೀರು ಬಂತು, ಸಾಕಾಯಿತು. ಹುಳುಗಳು ಬಲಿತು ಹಣ್ಣಾಗಿ ಗೂಡು ಕಟ್ಟಿದವು. ನಾನು ಹೊಸ ಕಾಲಂ ಎಳೆದೆ: ಉಂಡೆ ಕಟ್ಟಿತೇ?

ಆ ಕಾಲಂ ಈಗ ತ್ಯಾಮಗೊಂಡ್ಲಿನ ನನ್ನ ಸೇವಂತಿಗೆ ತೋಟಕ್ಕೂ ಬಂದಿದೆ. ಆದರೆ ಹೋದ ವರ್ಷ ಇಲ್ಲಿಗೆ ಕೆರೆಯ ಗೋಡು, ಅಂದರೆ ತಳದ ಜಿಗುಟು ಹೂಳು, ಹೊಡೆಸಿದೆವು. ಅಂದಿನಿಂದ ಗಿಡ ಬಾಡಿದ್ದರೂ ಮಣ್ಣು ಉಂಡೆ ಕಟ್ಟುತ್ತದೆ. ಇವತ್ತೂ ಕಟ್ಟಿತು. ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ನಮ್ದು ಕೆಮ್ಮಣ್ಣು. ಗೋಡು ನಂಗೊತ್ತಿಲ್ಲ ಕಣವ್ವ. ಗೊತ್ತಿರೋರ್ನ ಕೇಳು."

ಉಂಡೆಯನ್ನು ನಂಬಲಾಗದೆ ಇಂದಿನ ಕಾಲಂ ಮೊದಲ ಸಲ ಖಾಲಿ ಬಿಟ್ಟಿದ್ದೇನೆ. ಗೋಡು ಬೆರೆತ ಮಣ್ಣಿನ ಬಾಯಾರಿಕೆ ಕೈಯಲ್ಲೇ ತಿಳಿಯುವವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ತಾರೀಖು ಹಾಕುವುದನ್ನು ಮರೆಯಬೇಡಿ. ದೊಡ್ಡಮ್ಮನಿಗೆ ಓದಿ ಹೇಳಬೇಕು.