ಅತ್ತೆಯ ಲಾರಿಗೆ ಒಂದು ಪವರ್ ಸಪ್ಲೈ

ಬಿಸ್ಕತ್ತು ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದ ಆತನನ್ನು ಎಲ್ಲರೂ ‘ಜೋಪಾನ’ ಎಂದೇ ಕರೆಯುತ್ತಿದ್ದರು. ಕಾರ್ಖಾನೆಯಲ್ಲಿ ಬೆನ್ನ ಹಿಂದೆ, ಮನೆಯಲ್ಲಿ ಎದುರಿಗೇ. ಆತ ಅದನ್ನು ಬಿರುದೆಂದು ತಿಳಿದಿದ್ದ. ಹೊಸ ಕುಕ್ಕರ್ ತಂದರೆ ಅದರ ಜೊತೆ ಬಂದ ಪುಸ್ತಿಕೆಯನ್ನು ಓದಿ ಮುಗಿಸುವ ತನಕ ಒಲೆಯ ಮೇಲೆ ಇಡಲು ಬಿಡುವವನಲ್ಲ. ಒಮ್ಮೆ ಪುಸ್ತಿಕೆಯಲ್ಲಿ ಒಂದು ಹಾಳೆ ಕಡಿಮೆಯಿತ್ತೆಂದು ಕುಕ್ಕರೇ ಅಂಗಡಿಗೆ ವಾಪಸ್ಸಾಗಿತ್ತು.

ಇಂಥವನಿಗೆ ಸಿಕ್ಕ ಅತ್ತೆ, ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಹೆಂಗಸು. ಕೆಲಸ ಬಿಟ್ಟು ಮಗಳ ಮನೆಗೆ ಬಂದ ಮೇಲೂ ಅವರ ಕೈ ಸುಮ್ಮನಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುವರು. ಅದನ್ನು ನೋಡಲಾರದೆ ಮಗಳು ಒಂದು ಗೇಮಿಂಗ್ ಕಂಪ್ಯೂಟರು, ಸ್ಟೀರಿಂಗು, ಪೆಡಲು ಎಲ್ಲ ತಂದು ಹಿಂದಿನ ಕೋಣೆಯಲ್ಲಿ ಜೋಡಿಸಿಕೊಟ್ಟಳು. ಅದರಲ್ಲಿ ಲಾರಿ ಓಡಿಸುವ ಒಂದು ಆಟ. ಅತ್ತೆ ಬಾಡಿಗೆ ಲಾರಿಯಿಂದ ಶುರು ಮಾಡಿ ನೋಡನೋಡುತ್ತಿದ್ದಂತೆ ದೊಡ್ಡ ಕಂಪನಿಯನ್ನೇ ಕಟ್ಟಿಬಿಟ್ಟರು. ಪರದೆಯೊಳಗೆ ಅವರ ಕೈಕೆಳಗೆ ಡ್ರೈವರುಗಳ ಒಂದು ದಂಡೇ ದುಡಿಯುತ್ತಿತ್ತು.

ತೊಂದರೆ ಶುರುವಾದದ್ದು ಮಗಳ ಪ್ರೀತಿಯಿಂದ. ಲಾರಿಯ ಗಾಜಿನ ಮೇಲೆ ಮಳೆಹನಿ ಜಾರುವುದೂ ಕಾಣಲಿ ಎಂದು ಅವಳು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದಳು. ಹನಿ ಕಂಡವು. ಆದರೆ ಮಳೆಯಲ್ಲಿ ಸೇತುವೆ ಹತ್ತಿದರೆ ಸಾಕು, ಕಂಪ್ಯೂಟರು ಪಕ್ಕನೆ ಆರಿಹೋಗುತ್ತಿತ್ತು. ರಿಪೇರಿಯವನು ಬಂದು ನೋಡಿ, “ಕಾರ್ಡ್ ದೊಡ್ಡದಾಯ್ತು, ಒಳಗೆ ಕರೆಂಟ್ ಹಂಚೋ ಡಬ್ಬ, ಈ ಪವರ್ ಸಪ್ಲೈ, ಸಾಲ್ತಿಲ್ಲ. ಇದಕ್ಕಿಂತ ದೊಡ್ಡದೊಂದು ಹಾಕ್ಕೊಡ್ಲಾ? ಟೀ ಕುಡಿಯೋಷ್ಟರಲ್ಲಿ ಮುಗಿಯುತ್ತೆ” ಅಂದ.

ಟೀ ಕುಡಿಯುವಷ್ಟರಲ್ಲಿ ಮುಗಿಯುವ ಯಾವ ಕೆಲಸದ ಮೇಲೂ ಜೋಪಾನನಿಗೆ ನಂಬಿಕೆಯಿರಲಿಲ್ಲ. “ಬೇಡ, ನಾನೇ ವಿಚಾರಿಸಿ ಆರಿಸ್ತೀನಿ” ಎಂದು ಆತನನ್ನು ಕಳಿಸಿದ. ಅಲ್ಲಿಯ ತನಕ ಕಂಪ್ಯೂಟರ್ ಹಚ್ಚುವುದು ಅಪಾಯವೆಂದು ಪ್ಲಗ್ ಕಿತ್ತು, ವೈರು ಸುತ್ತಿ, ಬೀರುವಿನ ಮೇಲಿಟ್ಟ.

ವಿಚಾರಿಸಲು ಹೊರಟರೆ ವಿಷಯ ಸಮುದ್ರದಷ್ಟಿತ್ತು. ಎಷ್ಟು ವ್ಯಾಟ್ ಬೇಕು, ಕಾರ್ಡು ಒಮ್ಮೆಗೇ ಗಬಕ್ಕನೆ ಕರೆಂಟ್ ಎಳೆದರೆ ತಡೆಯುತ್ತದೆಯೇ, ಕರೆಂಟ್ ಉಳಿಸುವುದರಲ್ಲಿ ಕಂಚಿನ ದರ್ಜೆ ಸಾಕೋ ಚಿನ್ನದ ದರ್ಜೆ ಬೇಕೋ, ಫ್ಯಾನು ಮೇಲ್ಮುಖವೋ ಕೆಳಮುಖವೋ. ಕಂಪ್ಯೂಟರ್ ಕಟ್ಟುವವರ ಒಂದು ಆನ್‌ಲೈನ್ ಬಳಗಕ್ಕೆ ಸೇರಿದ. ಮೊದಲು ಪ್ರಶ್ನೆ ಕೇಳಿದ, ಆಮೇಲೆ ಉತ್ತರ ಹೇಳತೊಡಗಿದ. ಮುಖ ಕಾಣದ ಜನ ‘ಗುರುಗಳೇ’ ಅನ್ನತೊಡಗಿದರು. ಹಳೆಯ ಪವರ್ ಸಪ್ಲೈಯ ಕೇಬಲನ್ನು ಹೊಸದಕ್ಕೆ ಎಂದಿಗೂ ಸಿಕ್ಕಿಸಬೇಡಿ, ತುದಿ ಒಂದೇ ಥರ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆ, ಡಿಸ್ಕ್ ಸುಟ್ಟೀತು ಎಂದು ಆತ ಬರೆದ ಎಚ್ಚರಿಕೆಯನ್ನು ಬಳಗದವರು ಎಲ್ಲಕ್ಕಿಂತ ಮೇಲೆ ಅಂಟಿಸಿಕೊಂಡರು. ಆತನ ಮಾತು ಕೇಳಿ ಎಷ್ಟೋ ಮಂದಿ ಕೊಂಡರು, ಜೋಡಿಸಿದರು, ಆಡಿ ದಣಿದರು. ಅತ್ತೆ ಮಾತ್ರ ಕಿಟಕಿಯ ಹತ್ತಿರ ಕೂತು ಬೀದಿಯ ವಾಹನಗಳನ್ನು ಬೈಯುತ್ತಿದ್ದರು.

“ಅಳಿಯಂದ್ರೇ, ಪವರ್ ಸಪ್ಲೈ ಎಲ್ಲಿಗೆ ಬಂತು?”

“ಎರಡಕ್ಕೆ ಇಳಿದಿದೆ ಅತ್ತೆ. ಒಂದರ ಫ್ಯಾನ್ ಸ್ವಲ್ಪ ಸದ್ದು ಅಂತಾರೆ.”

“ನಾನು ಓಡಿಸ್ತಿದ್ದ ಬಸ್ಸಲ್ಲಿ ಹಾರ್ನ್ ಒಂದು ಬಿಟ್ಟು ಎಲ್ಲಾ ಸದ್ದು ಮಾಡ್ತಿತ್ತು. ಯಾವುದಾದ್ರೂ ತನ್ನಿ.”

ಕೊನೆಗೂ ಒಂದು ಬಂತು. ತೂಕದ, ಕಪ್ಪನೆಯ, ಮೀನಮೇಷವನ್ನೆಲ್ಲ ಎಣಿಸಿ ಆರಿಸಿದ ಪೆಟ್ಟಿಗೆ. ಅತ್ತೆ ಆಗಲೇ ಕನ್ನಡಕ ಹಾಕಿ, ಸೀಟಿನಲ್ಲಿ ಕೂತು, ಪೆಡಲಿನ ಮೇಲೆ ಕಾಲಿಟ್ಟಿದ್ದರು. ಒಂದು ಬಸ್ಸಿನಷ್ಟು ಜನ ಹಿಂದೆ ಕಾದಿದ್ದಾರೆಂಬಂತೆ ಅವರ ಬೆರಳು ಸ್ಟೀರಿಂಗನ್ನು ತಟ್ಟುತ್ತಿತ್ತು. ಆ ತಟ್ಟುವಿಕೆ ಜೋಪಾನನ ಬೆನ್ನಿಗೇ ಬೀಳುತ್ತಿತ್ತು. ಹಳೆಯದನ್ನು ಬಿಚ್ಚಿದ, ಹೊಸದನ್ನು ಕೂರಿಸಿದ, ಕೇಬಲುಗಳನ್ನು ಒಂದೊಂದಾಗಿ ಬದಲಿಸಿದ. ಡಿಸ್ಕಿಗೆ ಹೋಗುವ ಒಂದು ಹಳೆಯ ಕೇಬಲು ಉಳಿಯಿತು. ಅದನ್ನು ಹಿಂದೊಮ್ಮೆ ಆತನೇ ಕಂಪ್ಯೂಟರಿನ ಹಿಂಭಾಗದಲ್ಲಿ, ಇಲಿ ಬಂದರೂ ಅಲುಗಬಾರದೆಂದು, ಗಂಟಿನ ಮೇಲೆ ಗಂಟು ಹಾಕಿ ಬಿಗಿದಿದ್ದ. ಬಿಚ್ಚಲು ಹೊತ್ತು ಹಿಡಿಯುತ್ತಿತ್ತು. ಅದರ ಇನ್ನೊಂದು ತುದಿ ಹೊಸ ಪವರ್ ಸಪ್ಲೈಗೆ ಸಲೀಸಾಗಿ ಕೂತಿತು. ಕೂತ ಮೇಲೆ ಇನ್ನೇನು ಎಂದು ಆತ ಸ್ವಿಚ್ ಒತ್ತಿದ.

ಟಪ್ ಎಂದು ಸಣ್ಣದೊಂದು ಸದ್ದು, ಹಿಂದೆಯೇ ಸುಟ್ಟ ವಾಸನೆ. ಫ್ಯಾನು ಮಾತ್ರ ಸದ್ದಿಲ್ಲದೆ ತಿರುಗುತ್ತಿತ್ತು. ಪರದೆಯ ಮೇಲೆ, ಡಿಸ್ಕ್ ಇಲ್ಲ ಎಂಬ ಒಂದೇ ಸಾಲು.

ಹೆಂಡತಿ ಬಾಗಿಲಲ್ಲಿ ನಿಂತು ಮೂಗು ಅರಳಿಸಿದಳು. “ಏನ್ರೀ ಅದು ವಾಸನೆ?”

ಆತ ಹೇಳಿದ. ಹೇಳದೆ ವಿಧಿಯಿರಲಿಲ್ಲ.

“ಊರಿಗೆಲ್ಲ ನೀವು ಬೇಡ ಅಂತ ಬರೆದಿದ್ದು ಇದನ್ನೇ ಅಲ್ವಾ?” ಅಂದಳು. “ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.”

ಅತ್ತೆ ಸ್ಟೀರಿಂಗಿನಿಂದ ಕೈ ತೆಗೆದಿರಲಿಲ್ಲ. “ನನ್ನ ಕಂಪನಿ?”

“ಹೋಯ್ತು ಅತ್ತೆ. ಲಾರಿ, ಡ್ರೈವರುಗಳು, ಎಲ್ಲಾ ಅದರಲ್ಲೇ ಇತ್ತು.” ಕಾರ್ಖಾನೆಯಲ್ಲಿ ಇಷ್ಟು ವರ್ಷ ಒಬ್ಬರ ಬೆರಳಿಗೂ ಗಾಯವಾಗದಂತೆ ನೋಡಿಕೊಂಡವನು, ಮನೆಯಲ್ಲಿ ಒಂದು ಕಂಪನಿಯನ್ನೇ ಸುಟ್ಟಿದ್ದ.

ಅತ್ತೆ ಪೆಡಲಿನಿಂದ ಕಾಲು ತೆಗೆದು, ಕನ್ನಡಕ ಒರೆಸಿಕೊಂಡರು. ಆಮೇಲೆ, “ಹೋಗ್ಲಿ ಬಿಡಿ,” ಅಂದರು. “ಅದು ದೊಡ್ಡದಾದ ಮೇಲೆ ಯಾರಿಗೆ ರಜ, ಯಾವ ಗಾಡಿ ರಿಪೇರಿಗೆ ಅಂತ ನೋಡೋದೇ ಆಗೋಗಿತ್ತು. ಆ ಕೆಲಸ ನಮ್ಮ ಡಿಪೋ ಮ್ಯಾನೇಜರ್ ಮಾಡ್ತಿದ್ದ. ಅವನ್ನ ಕಂಡ್ರೆ ನನಗೆ ಆಗ್ತಿರ್ಲಿಲ್ಲ. ಹೊಸ ಡಿಸ್ಕ್ ಹಾಕ್ಸಿ, ಬಾಡಿಗೆ ಲಾರಿಯಿಂದ ಶುರು ಮಾಡ್ತೀನಿ. ಆದ್ರೆ ಡಿಸ್ಕ್ ನೀವು ಆರಿಸ್ಬೇಡಿ.”

ರಿಪೇರಿಯವನು ಮತ್ತೆ ಬಂದ. ಕೇಬಲು ನೋಡಿ, “ಹಳೇದೊಂದು ಉಳಿದುಬಿಟ್ಟಿದೆ. ಎಲ್ಲರಿಗೂ ಆಗುತ್ತೆ ಸಾರ್” ಎಂದು ಸಮಾಧಾನ ಹೇಳಿ, ಅದನ್ನು ಬದಲಿಸಿ, ತಾನೇ ತಂದಿದ್ದ ಹೊಸ ಡಿಸ್ಕ್ ಹಾಕಿಕೊಟ್ಟ. ತಾನೂ ಆ ‘ಎಲ್ಲರ’ ಗುಂಪಿಗೆ ಸೇರಿದ್ದು ಜೋಪಾನನಿಗೆ ಸುಟ್ಟ ಡಿಸ್ಕಿಗಿಂತ ಹೆಚ್ಚು ಚುಚ್ಚಿತು. ಬಳಗದಲ್ಲಿ ಆತ ತನ್ನ ಎಚ್ಚರಿಕೆಯ ಕೆಳಗೆ, ‘ನನ್ನ ಪರಿಚಯದವರೊಬ್ಬರಿಗೆ ಹೀಗಾಯಿತು’ ಎಂದು ಸೇರಿಸಿದ. “ಅಂಥ ದಡ್ಡರೂ ಇದ್ದಾರಾ ಗುರುಗಳೇ?” ಎಂದು ಯಾರೋ ಕೇಳಿದರು. “ಇದ್ದಾರೆ. ಮನುಷ್ಯ ಒಳ್ಳೆಯವನು” ಎಂದು ಬರೆದು ಮುಚ್ಚಿದ.

ಆ ಸಂಜೆ ಅತ್ತೆ ಹಳೇ ಬಾಡಿಗೆ ಲಾರಿಯಲ್ಲಿ ಸಿಮೆಂಟು ತುಂಬಿಸಿಕೊಂಡು ಮಳೆಯಲ್ಲಿ ಸೇತುವೆ ಹತ್ತಿದರು. ಕಂಪ್ಯೂಟರು ಆರಲಿಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಜೋಪಾನ ಉಸಿರು ಬಿಡುವಷ್ಟರಲ್ಲಿ ಅವರು ಇಳಿಜಾರಿನ ತಿರುವಿಗೆ ಬಂದಿದ್ದರು, ವೇಗ ಇಳಿಸುವ ಲಕ್ಷಣವಿರಲಿಲ್ಲ. ಆತನ ಬಲಗಾಲು ತಾನಾಗಿ ಮುಂದೆ ಚಾಚಿ, ಬರಿ ನೆಲವನ್ನು ಬಲವಾಗಿ ಒತ್ತಿತು.