ಕುಸುರೆಳ್ಳು ಮತ್ತು ಅತ್ತೆಯ ಎಲುಬಿನ ಮದ್ದು

ಪಾಕದ ವಾಸನೆ ಪಡಸಾಲೆಯವರೆಗೆ ಬಂತೆಂದರೆ ನಮ್ಮಲ್ಲಿ ಸಂಕ್ರಾಂತಿ ಹತ್ತಿರವಾಯಿತೆಂದೇ ತಿಳಿಯಿರಿ. ಇಂದು ಬೆಳಿಗ್ಗೆ ಸಣ್ಣ ಉರಿಯ ಮೇಲೆ ಅಗಲ ತಟ್ಟೆಯಂಥ ಪರಾತ ಇಟ್ಟು, ಎಳ್ಳಿಗೆ ಒಂದೊಂದೇ ಚಮಚ ಸಕ್ಕರೆ ಪಾಕ ಬಿಡುತ್ತ, ಬೆರಳಿನಿಂದ ಆಡಿಸುತ್ತ ಕುಳಿತಿದ್ದೆ. ಒಣಗಿದ ಮೇಲೆ ಮತ್ತೊಂದು ಚಮಚ. ಹೀಗೆ ದಿನಗಟ್ಟಲೆ ಮಾಡಿದರೆ ಎಳ್ಳಿನ ಮೈಮೇಲೆ ಬಿಳಿ ಮುಳ್ಳು ಏಳುತ್ತವೆ. ಮದುವೆಯಾದ ಮೊದಲ ವರ್ಷ ಪಾಕವನ್ನೆಲ್ಲ ಒಮ್ಮೆಲೇ ಸುರಿದು ನಾನು ಮಾಡಿಟ್ಟ ಕಲ್ಲಿನಂಥ ಉಂಡೆಯನ್ನು ಈ ಮನೆ ಇನ್ನೂ ಮರೆತಿಲ್ಲ.

ಆ ಬಿಸಿಗೆ ಕಣ್ಣು ಮಂಜಾಗಿ, ಹಿಂದೊಮ್ಮೆ ಅತ್ತೆ ಹಟ ಹಿಡಿದ ಚಳಿಗಾಲ ನೆನಪಾಯಿತು. ಹುಕ್ಕೇರಿಯ ಇದೇ ಮನೆಯಲ್ಲಿ, ಕೊಡ ಎತ್ತಲು ಬಗ್ಗಿದಾಗ ಅವರ ಬೆನ್ನೆಲುಬು ಬಿರುಕು ಬಿಟ್ಟಿತ್ತು. ಗೋಕಾಕದ ಡಾಕ್ಟರು ದಿನಕ್ಕೊಂದು ಇಂಜೆಕ್ಷನ್ ಬರೆದರು. ಎಲುಬು ಬೆಳೆಸುವ ಹಾರ್ಮೋನು, ಪ್ರಯೋಗಾಲಯದಲ್ಲಿ ಮಾಡಿದ್ದು. ತೆಗೆದುಕೊಳ್ಳದಿದ್ದರೆ ಹಾಸಿಗೆ ಹಿಡಿದಾರು ಎಂದಿದ್ದರು. ಬೆಲೆ ಕಿವಿಗೆ ಬಿದ್ದದ್ದೇ ಅತ್ತೆ ಸೆರಗು ಬಿಗಿಯಾಗಿ ಹೊದ್ದರು.

"ಬೆರಳುದ್ದ ಸೀಸಾಕ ಅಷ್ಟ ರೊಕ್ಕಾ? ನಿಮಗ ಮೋಸ ಮಾಡ್ಯಾರ. ನಾ ಚುಚ್ಚಿಸಿಕೊಳ್ಳೂದಿಲ್ಲ."

ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಆ ಸೀಸೆ ತಣ್ಣಗೆ ಕಾಯುತ್ತಿತ್ತು. ಕಾನ್ವೆಂಟಿನಲ್ಲಿ ನಾನೂ ರಸಾಯನಶಾಸ್ತ್ರ ಓದಿದವಳೇ. ಆದರೆ ಆ ಬೆಲೆ ಏಕೆಂದು ಅತ್ತೆಗೆ ಬಿಡಿಸಿ ಹೇಳಲು ಬರಲಿಲ್ಲ; ನೆನಪಿರುವುದು ಪಾಠ ಹೇಳಿದ ಸಿಸ್ಟರ್ ಕೈಯ ಸಾಬೂನಿನ ಪರಿಮಳ ಮಾತ್ರ.

ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಾದಿನಿಯ ಮಗಳು ಸುಧಾ ಆ ವರ್ಷದ ಹಬ್ಬಕ್ಕೆ ಬಂದಿದ್ದಳು. ನನ್ನ ಪರಾತದೊಳಗೆ ಬೆರಳಾಡಿಸುತ್ತ ಅಜ್ಜಿಗೆ ಹೇಳಿದಳು: "ಆಯಿ, ನಿನ್ನ ಔಷಧಾನೂ ಹಿಂಗ ಆಗ್ತೈತಿ. ಎಳ್ಳಿಗಿಂತ ಸಣ್ಣ ಕಾಳಿಗೆ ಔಷಧದ ಒಂದ ತುಣಕ ಹಚ್ಚತೀವಿ, ತೊಳಿತೀವಿ. ಅದರ ಮ್ಯಾಲ ಇನ್ನೊಂದ, ಮತ್ತ ತೊಳಿಯೂದು. ಮೂವತ್ತಕ್ಕೂ ಹೆಚ್ಚ ತುಣಕ ಸಾಲಾಗಿ ಕೂಡಬೇಕ. ಪ್ರತಿ ಸಲ ಒಂದಿಷ್ಟ ಕೆಡತೈತಿ."

"ಎಲ್ಲಾ ಒಮ್ಮೆಲೇ ಹಾಕಾಕ ಏನ ಧಾಡಿ?"

"ಹಾಕಿದ್ರ ಮಾಮಿ ಮಾಡಿದ್ದ ಉಂಡಿ ಆಗ್ತೈತಿ."

ಅತ್ತೆ ಬೆನ್ನು ಹಿಡಿದುಕೊಂಡು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ಕೆಟ್ಟದ್ದನ್ನ ಆರಿಸೂದ ಹೆಂಗ?"

"ಅದ ಭಾಳ ತ್ರಾಸ. ಒಂದ ತುಣಕ ಕಡಿಮಿ ಇದ್ದದ್ದೂ ಥೇಟ್ ಹಂಗ ಇರತೈತಿ. ಸೋಸಿ ಸೋಸಿ ಕಡೀಕ ಉಳಿಯೂದ ಇಷ್ಟ." ಅವಳ ಅಂಗೈಯಲ್ಲಿ ಒಂದು ಚಿಟಿಕೆ ಎಳ್ಳಿತ್ತು.

ಪ್ರತಿ ವರ್ಷ ಕಿಟಕಿಯ ಬೆಳಕಿಗೆ ಕುಳಿತು, ಮುಳ್ಳೇಳದ ಕಾಳನ್ನು ಆರಿಸಿ ತೆಗೆಯುವವರು ನಮ್ಮ ಅತ್ತೆಯೇ. ಅಂಥದ್ದೊಂದು ಕಾಳೂ ಬೇರೆಯವರ ಮನೆಗೆ ಹೋಗಕೂಡದು. ಆ ಚಿಟಿಕೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೊಟ್ಟೆಯ ಮೇಲಿನ ಸೆರಗು ಸರಿಸಿ ನನ್ನ ಕಡೆ ತಿರುಗಿದರು.

"ಚುಚ್ಚ ಯವ್ವಾ. ಯಾರ್ಯಾರ ಕೂತ ಆರಿಸ್ಯಾರೋ, ಹನಿ ಚೆಲ್ಲಬ್ಯಾಡ."

"ಉರಿ ಜೋರ ಆಗೇತಿ, ಕನಸ ಕಾಣಾಕತ್ತಿ ಏನ?" ಬೆನ್ನ ಹಿಂದಿನ ದನಿಗೆ ಬೆಚ್ಚಿ ಇಂದಿನ ಪರಾತಕ್ಕೆ ಮರಳಿದೆ. ಅತ್ತೆ ಈಗ ಬಾಗಿಲ ಚೌಕಟ್ಟು ಹಿಡಿಯದೆ ನೆಟ್ಟಗೆ ನಿಂತಿದ್ದರು. ಮೆಲ್ಲಗೆ ಎದುರು ಕುಳಿತು, ಪರಾತದಿಂದ ಮುಳ್ಳಿಲ್ಲದ ಕಾಳೊಂದನ್ನು ಆರಿಸಿ ನನ್ನ ಬಾಯಿಗೆ ಹಾಕಿದರು. ನಾನು ಉರಿ ಸಣ್ಣ ಮಾಡಿದೆ.