ಎದುರು ಪಕ್ಷದ ಫ್ರೆಂಡ್

ಬರ್ಮಿಂಗ್‌ಹ್ಯಾಮ್‌ನ ಕೋರ್ಟಿನಲ್ಲಿ ಎದುರು ಪಕ್ಷದ ಇಂಗ್ಲಿಷ್ ವಕೀಲ ಎದ್ದು ನಿಂತು, ಈ ಕಡೆಯ ವಕೀಲೆಯಾಗಿದ್ದ ನನ್ನ ಮಗಳನ್ನು ‘ಮೈ ಲರ್ನೆಡ್ ಫ್ರೆಂಡ್’ ಎಂದ. ಹಾಗೆನ್ನುತ್ತಲೇ ಅವಳ ವಾದವನ್ನೆಲ್ಲ ತಳ್ಳಿಹಾಕಿದ. ಕೊನೆಗೆ ಗೆದ್ದದ್ದು ಮಾತ್ರ ಅವಳೇ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಎದೆ ಉಬ್ಬಿತು.

ಹೊರಗೆ ಬಂದವಳೇ ಮಗಳನ್ನು ಕೇಳಿದೆ: “ಅವನು ನಿನ್ನ ಫ್ರೆಂಡ್ ಅಂತ ಹೇಳೇ ಇರಲಿಲ್ವಲ್ಲೇ?”

ಅವಳ ಮುಖ ಕೆಂಪೇರಿತು. “ಅಮ್ಮಾ, ಹೂ ಟೋಲ್ಡ್ ಯೂ?”

ಇಲ್ಲಿನ ವಕೀಲರು ಎದುರಾಳಿಯನ್ನು ಹಾಗೆ ಕರೆಯುವುದು ಬರೀ ರೂಢಿ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಅಷ್ಟರಲ್ಲಿ ಗುಟ್ಟು ರಟ್ಟಾಗಿತ್ತು.

ಅಲ್ಲೇ ಹತ್ತಿರದ ಟಿವಿಡೇಲ್‌ನ ದೇವಸ್ಥಾನದಲ್ಲಿ ಇಬ್ಬರ ಮದುವೆಯಾಯಿತು. ಬಂಧುಗಳಿಗೆ ಅಳಿಯನನ್ನು ನಾನು ಇವತ್ತಿಗೂ ಪರಿಚಯಿಸುವುದು ಹೀಗೆ: “ನನ್ನ ಮಗಳ ಎದುರು ಕೇಸು ಸೋತವರು ಇವರೇ.” ನನ್ನ ಕನ್ನಡದ ಅರ್ಥವನ್ನು ಮಗಳು ಹೇಳಿಕೊಟ್ಟ ಮೇಲಿಂದ, ನನಗಿಂತ ಹೆಚ್ಚು ಬೀಗುವವನು ಅವನೇ.